ಮೃಚ್ಛಕಟಿಕದ ವ್ಯವಹಾರಾಂಕದಲ್ಲಿ ಅಧಿಕರಣದ ಆಚಾರ

ಶೂದ್ರಕನ ಹೆಸರಿನಲ್ಲಿ ಬಂದಿರುವ ಮೃಚ್ಛಕಟಿಕವೆಂಬ ಹತ್ತು ಅಂಕಗಳ ಪ್ರಕರಣದಲ್ಲಿ ಒಂಬತ್ತನೆಯ ಅಂಕಕ್ಕೆ ವ್ಯವಹಾರವೆಂದು ಹೆಸರು. ಉಜ್ಜಯಿನಿಯ ಧರ್ಮಾಸನದ ಮುಂದೆ ಒಂದು ಕೊಲೆಯ ಅಭಿಯೋಗವು ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೆಯೇ ನಡೆದುಹೋಗುವುದು ಈ ಅಂಕದ ವಿಶೇಷ. ನ್ಯಾಯಸಭೆಯ ನಡೆವಳಿಕೆಯನ್ನು ಇಷ್ಟು ವಿಸ್ತಾರವಾಗಿ ಕಣ್ಣಿಗೆ ಕಟ್ಟುವಂತೆ ತೋರಿಸಿದ ಮತ್ತೊಂದು ಪ್ರಸಿದ್ಧರೂಪಕವು ಸಂಸ್ಕೃತದಲ್ಲಿ ದೊರೆಯುವುದಿಲ್ಲ. ಟಿ. ಗಣಪತಿಶಾಸ್ತ್ರಿಗಳು 1912ರಿಂದ ಮೊದಲ್ಗೊಂಡು ತಿರುವನಂತಪುರದಲ್ಲಿ ಪ್ರಕಟಿಸಿದ ನಾಟಕಗಳಲ್ಲಿ, ಭಾಸಕೃತವೆಂದು ಕೆಲವರು ನಂಬಿರುವ ಚಾರುದತ್ತವೂ ಒಂದು. ಮೃಚ್ಛಕಟಿಕದ ಮೊದಲ ಭಾಗಕ್ಕೂ ಅದಕ್ಕೂ ಇರುವ ಸಾದೃಶ್ಯವು ಎಲ್ಲರೂ ಬಲ್ಲ ಸಂಗತಿಯೇ. ಆದರೆ ಆ ರೂಪಕವು ನಾಲ್ಕನೆಯ ಅಂಕಕ್ಕೇ ನಿಂತುಹೋಗಿದೆ. ಅದರಲ್ಲಿ ಅಧಿಕರಣದ ಸುದ್ದಿಯೇ ಇಲ್ಲ. ಆದಕಾರಣ ವ್ಯವಹಾರಾಂಕದ ಗುಣದೋಷಗಳಿಗೆ, ಇಂದು ದೊರೆತಿರುವ ಆಧಾರಗಳ ಮಟ್ಟಿಗೆ, ಶೂದ್ರಕನೊಬ್ಬನೇ ಹೊಣೆಗಾರನಾಗುತ್ತಾನೆ.

ಈ ಅಂಕವನ್ನು ಪಾಠಹೇಳುವವರಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢವಾಗಿವೆ. ಅಧಿಕರಣಿಕನು ಒಳ್ಳೆಯವನಾದರೂ ಭೀರುವಾದುದರಿಂದ ನಿರಪರಾಧಿಯಾದ ಚಾರುದತ್ತನು ಶೂಲಕ್ಕೆ ಗುರಿಯಾದನೆಂಬುದು ಒಂದು. ಪಾಲಕನೆಂಬ ಅರಸನು ದುಷ್ಟನಾದುದರಿಂದ ಹಾಗಾಯಿತೆಂಬುದು ಇನ್ನೊಂದು. ಎರಡರಲ್ಲಿಯೂ ತಪ್ಪು ಒಬ್ಬ ವ್ಯಕ್ತಿಯ ಸ್ವಭಾವದಲ್ಲಿ ಸೇರಿಕೊಳ್ಳುತ್ತದೆ. ಅವನೊಬ್ಬನು ಬೇರೆಯಾಗಿದ್ದಿದ್ದರೆ ನ್ಯಾಯವು ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತೆಂದು ಅರ್ಥವಾಗುತ್ತದೆ. ಅಂಕದ ಪಾಠವನ್ನು ಧರ್ಮಶಾಸ್ತ್ರಗ್ರಂಥಗಳೊಡನೆ, ವಿಶೇಷವಾಗಿ ಯಾಜ್ಞವಲ್ಕ್ಯಸ್ಮೃತಿ ಮತ್ತು ಅದರ ಮೇಲಣ ಮಿತಾಕ್ಷರೆಯೊಡನೆ, ಹೋಲಿಸಿ ನೋಡಿದರೆ ಈ ಎರಡು ಸಮಾಧಾನಗಳೂ ಸಾಲವೆಂಬುದು ತೋರಿಬರುತ್ತದೆ. ಮಿತಾಕ್ಷರೆಯು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣನಗರದಲ್ಲಿ ವಿಜ್ಞಾನೇಶ್ವರನು ರಚಿಸಿದ ಗ್ರಂಥ. ನಾಟಕಕ್ಕಿಂತ ಅದು ಬಹಳ ಈಚಿನದೆಂಬುದು ನಿಜ; ಆದರೂ ಹಿಂದಣ ಸ್ಮೃತಿವಚನಗಳನ್ನು ಒಂದೆಡೆ ಕೂಡಿಸಿ ಅವುಗಳ ಆಶಯವನ್ನು ಬಿಡಿಸಿಹೇಳುವುದರಲ್ಲಿ ಅದಕ್ಕೆ ಸಮನಾದುದು ವಿರಳ. ಶೂದ್ರಕನು ಚಿತ್ರಿಸಿದ ಸಭೆಯಲ್ಲಿ ಲಂಚ ತಿಂದವರಿಲ್ಲ, ಶಕಾರನೊಬ್ಬನನ್ನು ಬಿಟ್ಟರೆ ಬೇಕೆಂದು ಕೇಡು ಬಗೆದವರಿಲ್ಲ, ಶಾಸ್ತ್ರವನ್ನರಿಯದವರೂ ಇಲ್ಲ. ಹಾಗಿದ್ದೂ ತೀರ್ಪು ತಪ್ಪಿತು. ಸಭೆಯು ಎಂದಿನಿಂದಲೋ ರೂಢಿಸಿಕೊಂಡು ಬಂದ ಆಚಾರವೇ, ಅಂದರೆ ಯಾರು ಬಂದರೆ ಹೇಗೆ ಏಳಬೇಕು, ಯಾರ ಮಾತನ್ನು ಬರೆದುಕೊಳ್ಳಬೇಕು, ಯಾವುದನ್ನು ಅರಸನ ಪಾಲಿಗೆ ಬಿಟ್ಟು ಕೈತೊಳೆದುಕೊಳ್ಳಬೇಕು ಎಂಬ ಬರೆಯದ ಕಟ್ಟಳೆಯೇ, ಇಲ್ಲಿ ತೀರ್ಪನ್ನು ಮಾಡಿತು.

ಮೊದಲು ಸಭೆಯ ಸ್ವರೂಪವನ್ನು ನೋಡತಕ್ಕದ್ದು. ಅರಸ, ನ್ಯಾಯಾಧಿಕೃತ, ಸಭ್ಯರು, ಸ್ಮೃತಿ, ಗಣಕ, ಲೇಖಕ, ಚಿನ್ನ, ಬೆಂಕಿ, ನೀರು, ರಾಜಪುರುಷ, ಇವು ಹತ್ತೂ ನ್ಯಾಯಸಭೆಯ ಅಂಗಗಳೆಂದು ಬೃಹಸ್ಪತಿಸ್ಮೃತಿಯು ಎಣಿಸುತ್ತದೆ. ಸಭೆಯನ್ನು ಒಂದು ಶರೀರವೆಂದು ಭಾವಿಸಿದ ಈ ಎಣಿಕೆಯಲ್ಲಿ ಲೇಖಕನೂ ಬಾಗಿಲಲ್ಲಿ ನಿಂತ ಆಳೂ ಅಂಗಗಳೇ ಆಗಿರುವುದು ಗಮನಾರ್ಹ. ಶೂದ್ರಕನಾದರೋ ಅಂಕವನ್ನು ಪ್ರಾರಂಭಿಸುವುದು ನ್ಯಾಯಾಧಿಕೃತನಿಂದಲ್ಲ. ಮಂಟಪವನ್ನು ಶುಚಿಮಾಡಿ ಆಸನಗಳನ್ನು ಅಣಿಗೊಳಿಸುವ ಶೋಧನಕನಿಂದ. ಆಮೇಲೆ ಶ್ರೇಷ್ಠಿ, ಕಾಯಸ್ಥ ಮೊದಲಾದವರಿಂದ ಪರಿವೃತನಾಗಿ ಅಧಿಕರಣಿಕನು ಬರುತ್ತಾನೆ. ಈ ಕೂಟವು ಕವಿಯ ಕಲ್ಪನೆಯಲ್ಲ. ವಂಗದೇಶದ ದಾಮೋದರಪುರದಲ್ಲಿ ದೊರೆತ ತಾಮ್ರಶಾಸನಗಳಲ್ಲಿ, ಗುಪ್ತ ಸಂವತ್ಸರ 124ರ (ಕ್ರಿ. ಶ. 443-44) ಕುಮಾರಗುಪ್ತನ ಕಾಲದ ಶಾಸನವೇ ಮೊದಲಾಗಿ, ಕೋಟಿವರ್ಷದ ಅಧಿಕರಣದಲ್ಲಿ ನಗರಶ್ರೇಷ್ಠಿ, ಸಾರ್ಥವಾಹ, ಪ್ರಥಮಕುಲಿಕ, ಪ್ರಥಮಕಾಯಸ್ಥ ಇವರು ಕುಳಿತಿದ್ದುದು ಉಕ್ತವಾಗಿದೆ. ಅದು ಭೂಮಿಯ ಕ್ರಯವಿಕ್ರಯದ ಪ್ರಸ್ತಾವ. ನಾಟಕದ್ದು ಕೊಲೆಯ ವಿಚಾರಣೆ. ಆದರೂ ಊರಿನ ಹಿರಿಯ ವರ್ತಕನೂ ಹಿರಿಯ ಲೆಕ್ಕಿಗನೂ ಅಧಿಕರಣದಲ್ಲಿ ಕುಳಿತುಕೊಳ್ಳುವ ಸಂಪ್ರದಾಯವು ಇದರಿಂದ ಸ್ಪಷ್ಟವಾಗುತ್ತದೆ.

ಶಾಸ್ತ್ರದ ಪ್ರಕಾರ ವರ್ತಕರು ಸಭೆಯಲ್ಲಿರುವುದು ಲೋಕರಂಜನೆಗಾಗಿ ಎಂದು ಮಿತಾಕ್ಷರೆಯು ಕಾತ್ಯಾಯನನನ್ನು ಅನುಸರಿಸಿ ಹೇಳುತ್ತದೆ. ನಿರ್ಣಯದ ಭಾರವು ವೇದಶಾಸ್ತ್ರಸಂಪನ್ನರಾಗಿ, ಶತ್ರುಮಿತ್ರರಲ್ಲಿ ಸಮದೃಷ್ಟಿಯುಳ್ಳವರಾಗಿ ಇರುವ ಸಭ್ಯರ ಮೇಲೆ. ಅಂತಹ ಸಭ್ಯರು ಈ ಅಂಕದಲ್ಲಿ ಎಲ್ಲಿ? ಶ್ರೇಷ್ಠಿ, ಕಾಯಸ್ಥ ಮೊದಲಾದವರು ಎಂಬಲ್ಲಿಯ 'ಮೊದಲಾದವರು' ಎಂಬ ಒಂದು ಪದದೊಳಗೆ ಅವರು ಅಡಗಿದ್ದರೂ ಇರಬಹುದು; ಆದರೆ ಅಂಕವು ಮುಗಿಯುವವರೆಗೂ ಅವರಲ್ಲಿ ಒಬ್ಬರೂ ಬಾಯಿ ತೆರೆಯುವುದಿಲ್ಲ. ಇನ್ನು ಶ್ರೇಷ್ಠಿಯೂ ಕಾಯಸ್ಥನೂ ಪ್ರಾಯಶಃ ಒಂದೇ ಉಸಿರಿನಲ್ಲಿ, ಒಂದೇ ವಾಕ್ಯವನ್ನು ಇಬ್ಬರೂ ಕೂಡಿ ಹೇಳುವಂತೆ ಕವಿಯು ಸಂಭಾಷಣೆಯನ್ನು ಹೆಣೆದಿದ್ದಾನೆ. ಇದನ್ನು ಲೇಖನಲಾಘವಕ್ಕಾಗಿ ಮಾಡಿದ್ದೆಂದು ತಳ್ಳಿಹಾಕುವುದು ಸರಿಯಲ್ಲ. ಇಬ್ಬರು ಬೇರೆ ಬೇರೆ ವೃತ್ತಿಯವರು. ಒಬ್ಬನು ನಗರದ ಧನಿಕರ ಪ್ರತಿನಿಧಿ, ಮತ್ತೊಬ್ಬನು ಅರಸನ ಲೆಕ್ಕಣಿಕೆ ಹಿಡಿದವನು. ಎರಡು ಅಭಿಪ್ರಾಯಗಳು ಬರಲೆಂದೇ ಇಬ್ಬರನ್ನು ಕೂರಿಸಿದ್ದರೆ, ಬರುತ್ತಿರುವುದು ಒಂದೇ ಅಭಿಪ್ರಾಯ. ಬಹುಕಾಲ ಒಂದೇ ಚಾವಡಿಯಲ್ಲಿ ಕುಳಿತವರ ಮಾತು ಹೀಗೆಯೇ ಆಗುತ್ತದೆಂಬುದನ್ನು ಕವಿಯು ಕಂಡಿರಬೇಕು.

ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ ಪ್ರಜೆಗಳನ್ನು ಕಳ್ಳರಿಂದಲೂ ದುರ್ವೃತ್ತರಿಂದಲೂ, ವಿಶೇಷವಾಗಿ ಕಾಯಸ್ಥರಿಂದಲೂ ಕಾಪಾಡಬೇಕೆಂದು ಅರಸನಿಗೆ ಹೇಳಿದ್ದಾನೆ. ಚಾರುದತ್ತನೂ ಮಂಟಪವನ್ನು ಹೊಗುವಾಗ ಅದನ್ನು ಒಂದು ಸಮುದ್ರಕ್ಕೆ ಹೋಲಿಸಿ, ಕಾಯಸ್ಥರನ್ನು ಅದರೊಳಗಣ ಸರ್ಪಗಳೆಂದು ವರ್ಣಿಸುತ್ತಾನೆ. ಆದರೆ ನಾಟಕದ ಕಾಯಸ್ಥನು ಸರ್ಪವಲ್ಲ. ಅವನು ಹೇಳಿದುದನ್ನು ಬರೆಯುವ, ಕೇಳಿದುದಕ್ಕೆ ತಲೆದೂಗುವ ಸಾಧು. ಈ ವ್ಯತ್ಯಾಸವು ವಿಮರ್ಶಕರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಚಾರುದತ್ತನು ಭಯಪಟ್ಟ ಸಭೆಯೇ ಬೇರೆ, ಅವನನ್ನು ಕೊಂದ ಸಭೆಯೇ ಬೇರೆ.

ಈಗ ವ್ಯವಹಾರದ ಕ್ರಮಕ್ಕೆ ಬರಬಹುದು. ಶಕಾರನು ಬಂದಿರುವನೆಂದು ಕೇಳಿದೊಡನೆ ಅಧಿಕರಣಿಕನು ಇದನ್ನು ಸೂರ್ಯೋದಯಕಾಲದ ಗ್ರಹಣದಂತೆ ಅಪಶಕುನವೆಂದು ಬಗೆದು, ಇವನ ವ್ಯವಹಾರವನ್ನು ಇಂದು ನೋಡಲಾಗದೆಂದು ಹೇಳಿಕಳುಹಿಸುತ್ತಾನೆ. ಶಕಾರನು ಸಿಟ್ಟಾಗಿ, ತನ್ನ ಭಾವನಾದ ಅರಸನಿಗೂ ತನ್ನ ಅಕ್ಕನಿಗೂ ಹೇಳಿ ಈ ಅಧಿಕರಣಿಕನನ್ನು ತೆಗೆಸಿ ಬೇರೊಬ್ಬನನ್ನು ಇಡಿಸುವೆನೆಂದು ಗರ್ಜಿಸುತ್ತಾನೆ. ತತ್‌ಕ್ಷಣವೇ, ಈ ಮೂರ್ಖನು ಏನನ್ನು ಬೇಕಾದರೂ ಮಾಡಿಯಾನು, ಬರಹೇಳು ಎಂದು ಅಪ್ಪಣೆಯಾಗುತ್ತದೆ. ಇಷ್ಟನ್ನು ನೋಡಿ ಅಧಿಕರಣಿಕನು ಹೇಡಿಯೆಂದು ಹೇಳುವುದು ಸುಲಭ. ಆದರೆ ಎರಡು ಅಪ್ಪಣೆಗಳನ್ನೂ ಜೊತೆಯಲ್ಲಿಟ್ಟು ನೋಡಬೇಕು. ಮೊದಲನೆಯದರಲ್ಲಿ ಶಕಾರನ ದೂರು ಯಾವುದೆಂದು ಕೇಳದೆಯೇ ಅದು ನಿರಾಕೃತವಾಯಿತು. ಎರಡನೆಯದರಲ್ಲಿ ಕೇಳದೆಯೇ ಅಂಗೀಕೃತವಾಯಿತು. ಬಂದವನು ಯಾರೆಂಬುದರ ಮೇಲೆ ಎರಡೂ ನಿಂತಿವೆ, ತಂದ ಕಾರ್ಯವೇನೆಂಬುದರ ಮೇಲೆ ಒಂದೂ ನಿಂತಿಲ್ಲ. ಮೊದಲ ಅಪ್ಪಣೆಯು ಧೈರ್ಯದ್ದೆಂದೂ ಎರಡನೆಯದು ಭಯದ್ದೆಂದೂ ವಿಂಗಡಿಸಿದರೆ ಈ ಸಾಮ್ಯವು ಮರೆಯಾಗುತ್ತದೆ. ಶಕಾರನು ಮೂಢನಾದರೂ ಇದನ್ನು ಎಲ್ಲರಿಗಿಂತ ಬೇಗ ಗ್ರಹಿಸುತ್ತಾನೆ: ಮೊದಲು ಆಗದೆಂದವರು ಈಗ ಆಗುವುದೆಂದರೆ ಹೆದರಿದ್ದಾರೆ, ಇನ್ನು ತಾನು ಹೇಳಿದುದನ್ನೆಲ್ಲ ನಂಬಿಸಬಹುದೆಂದು ತನ್ನೊಳಗೆ ತಾನೇ ಹಿಗ್ಗುತ್ತಾನೆ. ಒಳಗೆ ಬಂದವನು ಅಧಿಕರಣಿಕನ ತಲೆಯ ಮೇಲೆ ಕೈಯಿಟ್ಟು ಕುಳಿತುಕೊಳ್ಳುತ್ತಾನೆ. ನಗೆ ಹುಟ್ಟಿಸುವ ಈ ಅಭಿನಯಕ್ಕೆ ಸಭೆಯಿಂದ ಒಂದು ಗದರಿಕೆಯೂ ಬರುವುದಿಲ್ಲ.

ಮುಂದಿನ ಸಂದರ್ಭವು ಇಡೀ ಅಂಕದ ಮರ್ಮಸ್ಥಾನ. ಪುಷ್ಪಕರಂಡಕವೆಂಬ ಉದ್ಯಾನದಲ್ಲಿ ಯಾರೋ ವಸಂತಸೇನೆಯನ್ನು ಒಡವೆಯ ಆಸೆಗಾಗಿ ಕತ್ತು ಹಿಸುಕಿ ಕೊಂದರೆಂದು ಹೇಳುತ್ತ ಶಕಾರನು, ತನ್ನಿಂದಲ್ಲವೆಂಬ ಮಾತನ್ನು ಅರ್ಧ ನುಡಿದು ಬಾಯಿ ಮುಚ್ಚಿಕೊಳ್ಳುತ್ತಾನೆ. ಅಧಿಕರಣಿಕನು ಮಂದಮತಿಯಾಗಿದ್ದರೆ ಇದು ಅವನ ಕಿವಿಗೆ ಬೀಳಬಾರದಾಗಿತ್ತು. ಬಿದ್ದಿತು, ಕೂಡಲೇ ಆ ಮಾತನ್ನೇ ವ್ಯವಹಾರದ ಮೊದಲ ಪದವಾಗಿ ಬರೆಯಿರೆಂದು ಅಪ್ಪಣೆಯೂ ಆಯಿತು, ಕಾಯಸ್ಥನು ಬರೆದದ್ದೂ ಆಯಿತು. ಅನಂತರ ಶಕಾರನು ತಾನು ನೋಡಿದೆನೆಂದಷ್ಟೇ ಹೇಳಿದುದೆಂದು ತಿದ್ದಿಕೊಂಡು, ಬರೆದುದನ್ನು ಕಾಲಿನಿಂದ ಅಳಿಸಿಹಾಕುತ್ತಾನೆ. ವಿಚಾರಣೆಯು ಏನೂ ಆಗದಂತೆ ಮುಂದುವರಿಯುತ್ತದೆ.

ಇಲ್ಲಿ ಕವಿಯು ಎಡವಿದ್ದಾನೆಂದೂ, ಇಷ್ಟು ಸೂಕ್ಷ್ಮಮತಿಯಾದ ಅಧಿಕರಣಿಕನು ಅಷ್ಟು ದೊಡ್ಡ ಸುಳುಹನ್ನು ಕೈಬಿಟ್ಟನೆಂಬುದು ಅಸಂಭಾವ್ಯವೆಂದೂ ಆಕ್ಷೇಪಿಸಬಹುದು. ಧರ್ಮಶಾಸ್ತ್ರವನ್ನು ತೆಗೆದು ನೋಡಿದರೆ ಆಕ್ಷೇಪವು ನಿಲ್ಲುವುದಿಲ್ಲ. ವಾದಿಯು ಹೇಳಿದುದನ್ನು ಮೊದಲು ಹಲಗೆಯ ಮೇಲಾಗಲಿ ನೆಲದ ಮೇಲಾಗಲಿ ಸುಣ್ಣದ ಬಳಪದಿಂದ ಬರೆದು, ಹೆಚ್ಚುಕಡಿಮೆಗಳನ್ನು ತಿದ್ದಿ, ಆಮೇಲೆ ಪತ್ರಕ್ಕೆ ಏರಿಸಬೇಕೆಂದು ಸ್ಮೃತಿಕಾರರ ವಿಧಿ. ಪ್ರತಿವಾದಿಯು ಉತ್ತರವನ್ನು ಕೊಡುವವರೆಗೂ ಪೂರ್ವಪಕ್ಷವನ್ನು ಶೋಧಿಸಿಕೊಳ್ಳಬಹುದೆಂದು ನಾರದನು ಅನುಮತಿಸುತ್ತಾನೆ. ಇದರ ಮೇಲೆ, ಛಲವನ್ನು ತೊರೆದು ವಸ್ತುತತ್ತ್ವವನ್ನನುಸರಿಸಿ ವ್ಯವಹಾರವನ್ನು ನಿರ್ಣಯಿಸಬೇಕೆಂದು ಯಾಜ್ಞವಲ್ಕ್ಯನ ಶಾಸನ. ಛಲವೆಂದರೆ ಪ್ರಮಾದದಿಂದ ಬಾಯಿತಪ್ಪಿ ಬಂದ ಮಾತು ಎಂದು ವಿಜ್ಞಾನೇಶ್ವರನು ಅರ್ಥಮಾಡಿದ್ದಾನೆ. ಹೀಗಿರಲು ಶಕಾರನು ಅಳಿಸಿದ್ದು ಪತ್ರಾರೂಢವಾಗದ ಬರಹ, ಕಾಲವು ಉತ್ತರಕ್ಕೆ ಮೊದಲಿನದು, ಮಾತು ಬಾಯಿತಪ್ಪಿದ್ದು. ಮೂರು ನಿಯಮಗಳೂ ಅವನ ಕಡೆಗೆ ಒದಗಿಬಂದವು. ಆ ನಿಯಮಗಳು ಹುಟ್ಟಿದ್ದು ಹೆದರಿದ ಬಡವನು ತಡವರಿಸಿ ನುಡಿದ ಒಂದು ಮಾತಿನಿಂದ ಕೆಡಬಾರದೆಂದು. ಇಲ್ಲಿ ಅವು ರಾಜಶ್ಯಾಲನ ಪಾದಕ್ಕೆ ನೆರವಾದವು. ತಿದ್ದುವ ಅಧಿಕಾರವು ಲೇಖಕನ ಕೈಗೆ ಸೇರಿದ್ದೇ ಹೊರತು ವಾದಿಯ ಕಾಲಿಗೆ ಸೇರಿದ್ದಲ್ಲವೆಂದು ಹೇಳುವವನು ಒಬ್ಬನಾದರೂ ಬೇಕಾಗಿತ್ತು. ಅಂಗಗಳೆಲ್ಲ ಇದ್ದ ಸಭೆಯಲ್ಲಿ ಆ ಒಂದು ಮಾತು ಹುಟ್ಟಲಿಲ್ಲ. ನಿಯಮವನ್ನು ಮುರಿದು ಮಾಡಿದ ಅನ್ಯಾಯಕ್ಕಿಂತ ನಿಯಮದ ನೆರಳಿನಲ್ಲಿ ಅಭ್ಯಾಸಬಲದಿಂದ ಆದ ಅನ್ಯಾಯವನ್ನು ತೋರಿಸುವುದು ಕವಿಗೆ ಕಷ್ಟತರವಾದ ಕೆಲಸ. ಶೂದ್ರಕನು ಅದನ್ನು ಕಾಲಿನ ಒಂದು ಚಲನೆಯಿಂದ ಸಾಧಿಸಿದ್ದಾನೆ.

ಅಧಿಕರಣಿಕನು ಚಾರುದತ್ತನಲ್ಲಿ ತೋರಿಸಿದ ಗೌರವವನ್ನು ಅನೇಕರು ಅವನ ಸೌಜನ್ಯಕ್ಕೆ ಪ್ರಮಾಣವಾಗಿ ಎತ್ತಿಹೇಳುತ್ತಾರೆ. ಕರೆಯುವಾಗ ಉದ್ವೇಗವಾಗದಂತೆ ಆದರದಿಂದ ಕರೆತರಬೇಕೆಂದು ಹೇಳಿದನು, ಬಂದಾಗ ಇಂತಹ ಮುಖಲಕ್ಷಣವುಳ್ಳವನು ನಿಷ್ಕಾರಣವಾಗಿ ದೋಷಕ್ಕೆ ಪಾತ್ರನಾಗಲಾರನೆಂದುಕೊಂಡನು, ಆಸನವನ್ನು ಕೊಡಿಸಿದನು, ಚಾರುದತ್ತನ ಮೇಲೆ ದೋಷಾರೋಪಣೆಯು ಹಿಮಾಲಯವನ್ನು ತೂಗಿದಂತೆ ಅಸಾಧ್ಯವೆಂದನು. ಇದು ಸೌಜನ್ಯವೇ ಹೌದು. ಆದರೆ ಇದು ಶಕಾರನಿಗೆ ಸಂದ ಭಯದ ಅವಳಿಯೂ ಹೌದು. ಅಲ್ಲಿ ನೋಡಿದ್ದು ಅರಸನ ನಂಟನ್ನು. ಇಲ್ಲಿ ನೋಡಿದ್ದು ಮೂಗು ಕಣ್ಣುಗಳ ಸೊಬಗನ್ನು, ಕುಲದ ಹಿರಿಮೆಯನ್ನು. ಮುಖವನ್ನು ನೋಡಿ ತೂಗುವ ಸಭೆಯಲ್ಲಿ ಎರಡು ಮುಖಗಳು ಎದುರಾದಾಗ ಭಾರವಾದ ಮುಖವು ಗೆಲ್ಲುತ್ತದೆ. ಆ ಆಸನದ ಗತಿಯನ್ನು ಕವಿಯು ಮರೆಯದೆ ಹಿಂಬಾಲಿಸಿದ್ದಾನೆ. ಶಕಾರನು ಕೂಗಾಡಿದ ಮೇಲೆ ಅಧಿಕರಣಿಕನ ಅಪ್ಪಣೆಯಿಂದಲೇ ಶೋಧನಕನು ಅದನ್ನು ಎಳೆದುಕೊಳ್ಳುತ್ತಾನೆ, ಚಾರುದತ್ತನು ನೆಲದ ಮೇಲೆ ಕುಳಿತುಕೊಳ್ಳುತ್ತಾನೆ. ಯಾವ ಪ್ರಮಾಣದಿಂದಲೂ ದೊರೆಯದ ಆಸನವು ಯಾವ ಪ್ರಮಾಣವೂ ಬೇಕಿಲ್ಲದೆ ಹೋಯಿತು.

ವಸಂತಸೇನೆಯ ತಾಯಿಯನ್ನು ಪ್ರಶ್ನಿಸುವ ಭಾಗದಲ್ಲಿ ಮತ್ತೊಂದು ಸೂಕ್ಷ್ಮವುಂಟು. ಮಗಳು ಯಾರ ಮನೆಗೆ ಹೋದಳೆಂದು ಹೇಳಲು ಆ ಮುದುಕಿಯು ನಾಚಿದಾಗ, ಕೇಳುವವರು ತಾವಲ್ಲ, ವ್ಯವಹಾರವೇ ಕೇಳುತ್ತಿದೆ, ಹೇಳಿದರೆ ದೋಷವಿಲ್ಲವೆಂದು ಸಭೆಯವರು ಧೈರ್ಯಹೇಳುತ್ತಾರೆ. ಚಾರುದತ್ತನನ್ನು ಕರೆಸಬೇಕಾದಾಗಲೂ ಕರೆಯುವುದು ವ್ಯವಹಾರವೇ ಎಂಬ ಸಮಾಧಾನವು ಬರುತ್ತದೆ. ಕರ್ತೃಪದವು ಹೀಗೆ ಮನುಷ್ಯರಿಂದ ಜಾರಿ ಕಾರ್ಯದ ಹೆಸರಿಗೆ ಹೋಗಿ ಕೂರುವುದು ವೈಯಾಕರಣನಿಗೆ ಚಿಕ್ಕ ವಿಷಯವಾಗಿ ತೋರಬಹುದು. ಅಧಿಕರಣದಲ್ಲಿ ಅದು ಚಿಕ್ಕದಲ್ಲ. ಕೇಳಿದವನೂ ಕರೆದವನೂ ವ್ಯವಹಾರವೇ ಆದರೆ ಕೊನೆಗೆ ಕೊಂದವನೂ ವ್ಯವಹಾರವೇ ಆಗಿ, ಅಲ್ಲಿದ್ದವರೆಲ್ಲರೂ ಶುದ್ಧರಾಗಿ ಮನೆಗೆ ಹೋಗಬಹುದು.

ವೀರಕನು ಬಂದು ಚಂದನಕನ ಮೇಲೆ ದೂರುಹೇಳುವುದು, ಅವನನ್ನು ಕುದುರೆಯ ಮೇಲೆ ಉದ್ಯಾನಕ್ಕೆ ಕಳುಹಿಸುವುದು, ಅವನು ಮೃಗಗಳು ಎಳೆದಾಡಿದ ಹೆಣ್ಣಿನ ಹೆಣವೊಂದನ್ನು ಕಂಡೆನೆಂದು ಹಿಂದಿರುಗುವುದು, ಇವೆಲ್ಲ ಶೀಘ್ರವಾಗಿ ನಡೆದುಹೋಗುತ್ತವೆ. ಹೆಣವು ಹೆಣ್ಣಿನದೆಂಬುದಕ್ಕೆ ಗುರುತೇನೆಂದು ಕೇಳಿದರೇ ಹೊರತು ವಸಂತಸೇನೆಯದೆಂಬುದಕ್ಕೆ ಗುರುತೇನೆಂದು ಒಬ್ಬರೂ ಕೇಳಲಿಲ್ಲ. ಎಂಟನೆಯ ಅಂಕದಲ್ಲಿ ದಾರಿಯಲ್ಲಿ ಮರವೊಂದು ಬಿದ್ದು ಒಬ್ಬ ಹೆಂಗಸು ಸತ್ತ ಸಂಗತಿಯನ್ನು ವಿಟನು ಹೇಳಿದ್ದನ್ನು ನೆನೆದುಕೊಂಡರೆ ಸಾಕು.

ಇನ್ನು ಒಡವೆಗಳ ಸಂದರ್ಭ. ಮೈತ್ರೇಯನು ಶಕಾರನೊಡನೆ ಜಗಳವಾಡುವಾಗ ಅವನ ಕಂಕುಳಿನಿಂದ ವಸಂತಸೇನೆಯ ಒಡವೆಗಳು ಸಭೆಯ ನಡುವೆ ಉದುರುತ್ತವೆ. ಕಥೆಯ ತಿರುವು ಇಲ್ಲಿ ಕೇವಲ ಆಕಸ್ಮಿಕದ ಮೇಲೆ ನಿಂತಿರುವುದರಿಂದ ಇದನ್ನು ಅಂಕದ ದುರ್ಬಲಸ್ಥಾನವೆಂದು ಒಪ್ಪಬೇಕು. ವಿದೂಷಕನ ಕಂಕುಳನ್ನು ನಂಬಿ ಒಬ್ಬನನ್ನು ಶೂಲಕ್ಕೆ ಕಳುಹಿಸುವುದು ಕವಿಗೂ ಶೋಭಿಸದು, ಸಭೆಗೂ ಶೋಭಿಸದು. ಆದರೆ ಒಡವೆಗಳು ಬಿದ್ದ ಬಳಿಕ ಸಭೆಯು ವರ್ತಿಸಿದ ರೀತಿಯು ಆಕಸ್ಮಿಕವಲ್ಲ. ತಾಯಿಯು ಅವನ್ನು ನೋಡಿ, ಹೋಲುತ್ತವೆ, ಆದರೆ ಅವೇ ಅಲ್ಲವೆಂದಳು. ಅವು ತಮ್ಮ ಮನೆಯಿಂದಲೇ ಬಂದವೆಂದು ಚಾರುದತ್ತನು ಒಪ್ಪಿದನು. ಹೇಗೆ ಬಂದವೆಂದು ಹೇಳಲಿಲ್ಲ. ಆಗ, ಸ್ವಲ್ಪ ಹೊತ್ತಿನ ಹಿಂದೆ ಆಸನ ಕೊಡಿಸಿದ ಅಧಿಕರಣಿಕನೇ, ಸತ್ಯವನ್ನು ನುಡಿಯದಿದ್ದರೆ ಕೋಮಲವಾದ ಮೈಯ ಮೇಲೆ ಚಾವಟಿಗಳು ಬೀಳುವುವೆಂದು ಬೆದರಿಸುತ್ತಾನೆ. ಶಕಾರನ ಬಾಯಿತಪ್ಪಿಗೆ ಒಂದು ಮರುಪ್ರಶ್ನೆಯೇ ಸಾಕಾಗಿತ್ತು; ಚಾರುದತ್ತನ ಮೌನಕ್ಕೆ ಚಾವಟಿ ಬೇಕಾಯಿತು. ಜೀವನದಲ್ಲಿ ಜುಗುಪ್ಸೆಗೊಂಡ ಚಾರುದತ್ತನು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಉಳಿದುದನ್ನು ಇವನೇ ಹೇಳುವನೆಂದಾಗ, ಕೊಂದೆನೆಂಬ ಪದವನ್ನು ಶಕಾರನೇ ಕೂಡಿಸುತ್ತಾನೆ. ಮಿಥ್ಯೆ, ಸಂಪ್ರತಿಪತ್ತಿ, ಪ್ರತ್ಯವಸ್ಕಂದನ, ಪ್ರಾಙ್ನ್ಯಾಯ ಎಂದು ಪ್ರತಿವಾದಿಯ ಉತ್ತರವು ನಾಲ್ಕು ಬಗೆ. ವಾದಿಯ ಬಾಯಿಂದ ಬಂದ ಪ್ರತಿವಾದಿಯ ಸಂಪ್ರತಿಪತ್ತಿಯೆಂಬ ಐದನೆಯ ಬಗೆಯೊಂದನ್ನು ಯಾವ ನಿಬಂಧಕಾರನೂ ಹೇಳಿಲ್ಲ. ಉಜ್ಜಯಿನಿಯ ಸಭೆಯು ಅದನ್ನು ಸ್ವೀಕರಿಸಿತು. ರಾಷ್ಟ್ರಿಯನು ಹೇಳಿದಂತೆ ಮಾಡೆಂದೇ ಅಲ್ಲಿ ಶೋಧನಕನಿಗೆ ಅಪ್ಪಣೆಯಾಗುತ್ತದೆ. ರಾಷ್ಟ್ರಿಯನೆಂದರೆ ರಾಜಶ್ಯಾಲನೆಂದು ಅಮರಸಿಂಹನ ಅರ್ಥ. ಅಪ್ಪಣೆಯಲ್ಲಿ ವಾದಿ, ಸಾಕ್ಷಿ ಎಂಬ ಪದಗಳು ಬರದೆ ಈ ಪದವೇ ಬಂದಿರುವುದು ಪಾಠಹೇಳುವವರು ಬಿಡಬಾರದ ಅಂಶ.

ಇಷ್ಟಕ್ಕೂ ಈ ವ್ಯವಹಾರದಲ್ಲಿ ಅಭಿಯೋಕ್ತನು ಯಾರು? ಶಕಾರನು ತಾನು ನೋಡಿದೆನೆಂದಷ್ಟೇ ಹೇಳಿ ಸಾಕ್ಷಿಯ ವೇಷದಲ್ಲಿ ಒಳಹೊಕ್ಕವನು. ಅನಂತರ ತನಗೆ ಚಾರುದತ್ತನೊಡನೆ ವಿವಾದವೆಂದನು. ಎರಡು ವೇಷಗಳನ್ನೂ ಬೇಕಾದಾಗ ಬೇಕಾದಂತೆ ಧರಿಸಿದನು. ಮಗಳನ್ನು ಕಳೆದುಕೊಂಡ ತಾಯಿಯು, ವಿವಾದವು ವಾದಿಪ್ರತಿವಾದಿಗಳಿಗೆ ಸೇರಿದ್ದು, ವಾದಿಯು ತಾನು, ಈತನನ್ನು ಬಿಟ್ಟುಬಿಡಿರೆಂದು ಬೇಡಿಕೊಂಡಳು. ಇಡೀ ಅಂಕದಲ್ಲಿ ವ್ಯವಹಾರಶಾಸ್ತ್ರಕ್ಕೆ ಸಮ್ಮತವಾದ ಶುದ್ಧವಾಕ್ಯವು ಇದೊಂದೇ ಎಂದರೆ ಅತಿಶಯೋಕ್ತಿಯಾಗದು. ಅದನ್ನು ನುಡಿದವಳು ಗಣಿಕೆಯ ತಾಯಿ. ಅವಳನ್ನು ಹೊರಗೆ ಕಳುಹಿಸಿದರು. ಇದರ ಪರಿಣಾಮವು ದಿವ್ಯಪ್ರಮಾಣದ ವಿಷಯದಲ್ಲಿ ಕಾಣಬರುತ್ತದೆ. ವಿಷ, ನೀರು, ತುಲೆ, ಬೆಂಕಿ ಇವುಗಳಿಂದ ತನ್ನನ್ನು ಪರೀಕ್ಷಿಸದೆ ಶತ್ರುವಿನ ಮಾತಿನಿಂದ ಕೊಲ್ಲುತ್ತಿರುವರೆಂದು ಚಾರುದತ್ತನು ಅಂಕದ ಕೊನೆಯಲ್ಲಿ ಮೊರೆಯಿಡುತ್ತಾನೆ. ಲಿಖಿತ, ಭುಕ್ತಿ, ಸಾಕ್ಷಿಗಳಿಲ್ಲದಲ್ಲಿ ದಿವ್ಯವೆಂಬುದು ಯಾಜ್ಞವಲ್ಕ್ಯನ ಮತ. ಆದರೆ ಮಹಾಭಿಯೋಗಗಳಲ್ಲಿ ದಿವ್ಯವು ನಡೆಯಬೇಕಾದರೆ ಅಭಿಯೋಕ್ತನು ಶೀರ್ಷಕಸ್ಥನಾಗಬೇಕು, ಎಂದರೆ ಸೋತರೆ ದಂಡವನ್ನು ತಾನು ಹೊರುವೆನೆಂದು ತಲೆಯೊಡ್ಡಬೇಕು. ಶಕಾರನು ತಲೆಯೊಡ್ಡಿದ್ದನೇ? ಅವನನ್ನು ಒಡ್ಡೆಂದು ಕೇಳುವವರಿದ್ದರೇ? ಅಭಿಯೋಕ್ತನನ್ನೇ ಗೊತ್ತುಮಾಡದ ಸಭೆಯಲ್ಲಿ ದಿವ್ಯದ ಪ್ರಸ್ತಾವವು ಏಳುವಂತಿರಲಿಲ್ಲ. ರಾಜದ್ರೋಹದಲ್ಲಿಯೂ ಪಾತಕದಲ್ಲಿಯೂ ಶೀರ್ಷಕವಿಲ್ಲದೆಯೇ ದಿವ್ಯವಾಗಬಹುದೆಂದು ಅದೇ ಸ್ಮೃತಿಯು ಮುಂದೆ ಹೇಳುತ್ತದೆಯಲ್ಲ ಎಂದರೆ, ಆಗ ಸಭೆಯ ತಪ್ಪು ಇಮ್ಮಡಿಯಾಗುವುದೇ ಹೊರತು ಕಡಮೆಯಾಗುವುದಿಲ್ಲ. ಇಂದಿನ ವಾಚಕರಿಗೆ ದಿವ್ಯದಲ್ಲಿ ನಂಬಿಕೆಯಿರಬೇಕಾಗಿಲ್ಲ. ದೂರುವವನ ಮೇಲೂ ಭಾರವನ್ನು ಹೊರಿಸುವ ಒಂದು ಉಪಾಯವು ಆ ಕಾಲದ ಶಾಸ್ತ್ರದಲ್ಲಿದ್ದಿತೆಂಬುದನ್ನೂ, ಸಭೆಯು ಅದನ್ನು ಮರೆತಿತ್ತೆಂಬುದನ್ನೂ ಗಮನಿಸಿದರೆ ಸಾಕು.

ಅಧಿಕರಣಿಕನ ಪಕ್ಷದಲ್ಲಿ ಪ್ರಬಲವಾದ ಸಮಾಧಾನವೊಂದು ಉಳಿದಿದೆ. ನಿರ್ಣಯದಲ್ಲಿ ಮಾತ್ರ ತಾವು ಪ್ರಮಾಣ, ಉಳಿದುದಕ್ಕೆ ಅರಸನೇ ಪ್ರಮಾಣವೆಂದು ಅವನು ಹೇಳುತ್ತಾನೆ; ಬ್ರಾಹ್ಮಣನು ಮನುವಿನ ಮತದಂತೆ ವಧಾರ್ಹನಲ್ಲ, ಸಮಗ್ರಧನದೊಡನೆ ನಾಡಿನಿಂದ ಹೊರಡಿಸತಕ್ಕವನೆಂದು ಅರಸನಿಗೆ ಅರಿಕೆಮಾಡಿಸುತ್ತಾನೆ. ಪಾಲಕನಾದರೋ ಅದನ್ನು ಲೆಕ್ಕಿಸದೆ, ಆ ಒಡವೆಗಳನ್ನೇ ಕೊರಳಿಗೆ ಕಟ್ಟಿ, ಡಂಗುರ ಹೊಯಿಸುತ್ತ ದಕ್ಷಿಣಶ್ಮಶಾನಕ್ಕೆ ಒಯ್ದು ಶೂಲಕ್ಕೇರಿಸಿರೆಂದನು. ಹೀಗಿರುವಲ್ಲಿ ಅಧಿಕರಣಿಕನು ಮಾಡತಕ್ಕುದನ್ನೆಲ್ಲ ಮಾಡಿದನಲ್ಲವೇ? ಇದಕ್ಕೆ ಉತ್ತರವನ್ನು ವಿಜ್ಞಾನೇಶ್ವರನು ಕೊಟ್ಟಿದ್ದಾನೆ. ಸಭೆಗೆ ನಿಯುಕ್ತರಾದವರು ಇದ್ದದ್ದನ್ನು ಇದ್ದಂತೆ ಹೇಳಿದರಷ್ಟೇ ಸಾಲದು. ಹೇಳಿದ ಮೇಲೂ ಅರಸನು ಅನ್ಯಥಾ ಮಾಡಹೊರಟರೆ ಅವನನ್ನು ತಡೆಯಬೇಕು. ತಡೆಯದಿದ್ದರೆ ದೋಷವು ಅವರದು. ನಿಯುಕ್ತರಲ್ಲದವರಿಗಾದರೋ ತಪ್ಪಾಗಿ ಹೇಳಿದರೆ ಅಥವಾ ಹೇಳದೆ ಸುಮ್ಮನಿದ್ದರೆ ದೋಷ, ಅರಸನನ್ನು ತಡೆಯದಿದ್ದುದಕ್ಕೆ ಅವರು ಹೊಣೆಯಲ್ಲ. ಚಾಲುಕ್ಯಚಕ್ರವರ್ತಿಯ ರಾಜಧಾನಿಯಲ್ಲಿ ಕುಳಿತು ಒಬ್ಬ ಪಂಡಿತನು ಹೀಗೆ ಬರೆದನೆಂಬುದು ಕನ್ನಡನಾಡಿನವರು ಸಂತೋಷಪಡಬೇಕಾದ ವಿಷಯ. ಅಧಿಕರಣಿಕನು ಮಾಡಿದ್ದೇನು? ಅರಸನ ಸನ್ನಿಧಿಗೆ ತಾನು ಹೋಗಲಿಲ್ಲ, ಪತ್ರವನ್ನೂ ಬರೆಯಲಿಲ್ಲ. ಆಸನಗಳನ್ನು ಅಣಿಮಾಡುವ ಶೋಧನಕನ ಬಾಯಲ್ಲಿ ಮನುವಿನ ಮತವನ್ನು ಹೇಳಿಕಳುಹಿಸಿದನು. ವಿರುದ್ಧವಾದ ಆಜ್ಞೆಯು ಬಂದೊಡನೆ ಚಂಡಾಲರಿಗೆ ಅಪ್ಪಣೆಯಾಗಲೆಂದು ತಾನೇ ಹೇಳಿ ನಿಷ್ಕ್ರಮಿಸಿದನು. ಅಧರ್ಮದ ನಾಲ್ಕು ಪಾಲುಗಳಲ್ಲಿ ಒಂದೊಂದನ್ನು ಮಾಡಿದವನಿಗೂ ಸಾಕ್ಷಿಗೂ ಸಭಾಸದರಿಗೂ ಅರಸನಿಗೂ ಮನುವು ಹಂಚಿಕೊಟ್ಟಿರುವುದು ಪ್ರಸಿದ್ಧ. ಅಧಿಕರಣಿಕನು ಮನುವನ್ನು ಉದಾಹರಿಸಿದ ದಿನವೇ ಆ ಅಧ್ಯಾಯದ ಈ ಭಾಗವನ್ನು ನೆನೆಯಲಿಲ್ಲ. ನಿರ್ಣಯ ತಮ್ಮದು, ಉಳಿದುದು ಅರಸನದು ಎಂಬ ಮಾತು ಅವನ ನಾಲಗೆಯ ಮೇಲೆ ಬಹುಕಾಲದಿಂದ ಸವೆದು ನುಣುಪಾದ ಮಾತು. ಯಾರಿಂದಲೋ ಅವನಿಗೆ ಬಂದದ್ದು, ಅವನಿಂದ ಮುಂದಿನವನಿಗೆ ಹೋಗತಕ್ಕದ್ದು.

ಹೋಲಿಕೆಗಾಗಿ ಎರಡು ಗ್ರಂಥಗಳನ್ನು ಹೆಸರಿಸಬಹುದು. ಪಲ್ಲವ ಮಹೇಂದ್ರವರ್ಮನ ಮತ್ತವಿಲಾಸಪ್ರಹಸನದಲ್ಲಿ, ವಿಹಾರಗಳ ಹಣವುಳ್ಳ ಭಿಕ್ಷುವು ಅಧಿಕರಣದವರ ಬಾಯನ್ನು ತುಂಬಬಲ್ಲನು, ಬಡಕಾಪಾಲಿಕರಿಗೆ ಅಲ್ಲಿ ಏನು ದಕ್ಕೀತೆಂಬ ಹಾಸ್ಯವು ಬರುತ್ತದೆ. ಅದು ಲಂಚದ ಸಭೆ. ಅದನ್ನು ನೋಡಿ ನಗಬಹುದು. ಕನ್ನಡದಲ್ಲಿ, ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದು ರಾಜಕಾರ್ಯಗಳ ಒಳಹೊರಗನ್ನು ಬಲ್ಲ ದುರ್ಗಸಿಂಹನು, ತನ್ನ ಪಂಚತಂತ್ರದ ದುಷ್ಟಬುದ್ಧಿಧರ್ಮಬುದ್ಧಿಗಳ ಕಥೆಯಲ್ಲಿ, ಆಲದ ಮರವು ಸಾಕ್ಷಿ ನುಡಿಯುವುದೆಂದರೆ ಅದನ್ನು ಕೇಳಲು ಹೊರಟ ಧರ್ಮಾಧಿಕರಣರನ್ನು ಚಿತ್ರಿಸಿದ್ದಾನೆ. ಅಲ್ಲಿಯೂ ಪೊಟರೆಗೆ ಹೊಗೆಯಿಟ್ಟು ಒಳಗಿದ್ದವನನ್ನು ಹೊರಡಿಸಿದವನು ಧರ್ಮಬುದ್ಧಿಯೇ, ಸಭೆಯಲ್ಲ. ಆ ಕಥೆಯು ಶಾಲೆಯ ಮಕ್ಕಳಿಗೆ ಪಾಠವಾಗಿ ಬಹಳ ಪ್ರಸಿದ್ಧವಾಗಿದೆ. ಅದರ ಧರ್ಮಾಧಿಕರಣರ ಮೇಲೆ ಉಪಾಧ್ಯಾಯರ ದೃಷ್ಟಿಯು ಇನ್ನೂ ಸ್ವಲ್ಪ ಹೊತ್ತು ನಿಂತರೆ ಒಳ್ಳೆಯದು.

ವ್ಯವಹಾರಾಂಕದ ಪ್ರಾರಂಭದಲ್ಲಿ ಅಧಿಕರಣಿಕನು ತನ್ನ ವೃತ್ತಿಯ ಕಷ್ಟವನ್ನು ಕುರಿತು ಆಡುವ ಮಾತುಗಳು, ವಾದಿಪ್ರತಿವಾದಿಗಳಿಬ್ಬರೂ ಸತ್ಯವನ್ನು ಮರೆಮಾಡುವರೆಂದೂ ನೋಡುವವನಿಗೆ ಅಪವಾದವು ಸುಲಭ, ಗುಣವು ದೂರವೆಂದೂ ಹೇಳುವ ಪದ್ಯಗಳು, ಸುಭಾಷಿತಗಳಂತೆ ಬಿಡಿಸಿ ಓದಲ್ಪಡುತ್ತವೆ. ಅವನ್ನು ಬಿಡಿಸಿ ಓದಬಾರದು. ಯಾವ ದೂರೂ ಬರುವುದಕ್ಕೆ ಮುಂಚೆಯೇ, ತೀರ್ಪು ತಪ್ಪಾದರೆ ಬೇಕಾಗುವ ಕ್ಷಮೆಯನ್ನು ಅಧಿಕರಣಿಕನು ಅಲ್ಲಿ ಸಿದ್ಧಮಾಡಿಟ್ಟುಕೊಳ್ಳುತ್ತಾನೆ. ನ್ಯಾಯಾಧಿಕೃತನಿಗೆ ಇರಬೇಕಾದ ಗುಣಗಳನ್ನು ಅವನು ಎಣಿಸುವಾಗ ಅರಸನ ಕೋಪವನ್ನು ಪರಿಹರಿಸುವ ಸಾಮರ್ಥ್ಯವೂ ಆ ಎಣಿಕೆಯಲ್ಲಿ ಸೇರಿರುವುದನ್ನು, ಅಂಕವನ್ನು ಎರಡನೆಯ ಸಲ ಓದುವವರು ಮಾತ್ರ ಬೆಚ್ಚಿ ಗಮನಿಸುತ್ತಾರೆ. ಶೂದ್ರಕನು ಸಭೆಯನ್ನು ಬಲ್ಲವನೆಂಬುದಕ್ಕೆ ಬೇರೆ ಪ್ರಮಾಣವು ಬೇಕಾಗಿಲ್ಲ.

ಹತ್ತನೆಯ ಅಂಕದಲ್ಲಿ ಆರ್ಯಕನು ಪಾಲಕನನ್ನು ಕೊಂದು ಅರಸನಾಗುತ್ತಾನೆ. ವಸಂತಸೇನೆಯು ಬದುಕಿ ಬರುತ್ತಾಳೆ. ಚಾರುದತ್ತನು ವಧ್ಯಸ್ಥಾನದಿಂದ ಬಿಡುಗಡೆ ಹೊಂದುತ್ತಾನೆ. ಅನಂತರ ಪ್ರತಿಯೊಬ್ಬನಿಗೂ ಸಲ್ಲತಕ್ಕುದು ಸಲ್ಲುತ್ತದೆ. ಭಿಕ್ಷುವು ವಿಹಾರಗಳಿಗೆಲ್ಲ ಕುಲಪತಿಯಾಗುತ್ತಾನೆ, ಸ್ಥಾವರಕನು ದಾಸ್ಯದಿಂದ ಮುಕ್ತನಾಗುತ್ತಾನೆ, ಚಂಡಾಲರಿಬ್ಬರೂ ತಮ್ಮವರಿಗೆ ಅಧಿಪತಿಗಳಾಗುತ್ತಾರೆ, ಚಂದನಕನು ದಂಡಪಾಲಕನಾಗುತ್ತಾನೆ. ಶಕಾರನಿಗೂ ಅವನ ಹಿಂದಿನ ಸ್ಥಿತಿಯೇ ಉಳಿಯಲೆಂದು ಚಾರುದತ್ತನು ಹೇಳುತ್ತಾನೆ. ಅರಸನು ಬದಲಾದನು, ಕಾವಲಿನ ಅಧಿಕಾರವು ಬದಲಾಯಿತು. ಅಧಿಕರಣಿಕನ ವಿಷಯವಾಗಿ, ಶ್ರೇಷ್ಠಿಕಾಯಸ್ಥರ ವಿಷಯವಾಗಿ, ಅಳಿಸಿಹೋದ ಆ ಬರಹದ ವಿಷಯವಾಗಿ ಹೊಸ ರಾಜ್ಯದಲ್ಲಿ ಯಾರೂ ಒಂದು ಮಾತನ್ನೂ ಎತ್ತುವುದಿಲ್ಲ.